ಹಾರ್ಮೋನಿಯಂ ಕೈಗೆ ಪಿಯಾನೊ ನಾದ

ಕಂಪ್ಯೂಟರಿನಲ್ಲಿ ಪಿಯಾನೊ ನುಡಿಸುವ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ನಾಲ್ಕು ಪತ್ರಗಳು ಬಂದಿವೆ. ಒಂದರ ಉತ್ತರ ಇನ್ನೊಂದಕ್ಕೂ ತಾಗುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಲಾಗಿದೆ. ಮೊದಲ ಪತ್ರಕ್ಕೆ ಮಾತ್ರ ದೀರ್ಘವಾದ ಉತ್ತರವೇ ಬೇಕಾಯಿತು.

ಪ್ರಶ್ನೆ: ನಾನು ಹಾಸನದಲ್ಲಿ ಬಹಳ ವರ್ಷಗಳಿಂದ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತಿದ್ದೇನೆ. ಇದುವರೆಗೆ ಹಾರ್ಮೋನಿಯಂ ಬಿಟ್ಟು ಬೇರೇನನ್ನೂ ನುಡಿಸಿದವನಲ್ಲ. ಭಾವಗೀತೆಗಳ ಹಿನ್ನೆಲೆಗೆ ಪಿಯಾನೊ ಇರಲೆಂದು 61 ಕೀಗಳ ಯುಎಸ್‌ಬಿ ಕೀಬೋರ್ಡ್ ಕೊಂಡು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದೆ. ವಿಂಡೋಸ್‌ನಲ್ಲಿ ಮೊದಲೇ ಇದ್ದ ಸಿಂಥಸೈಜರ್‌ನಿಂದ ಸ್ವರವೇನೋ ಬರುತ್ತದೆ, ಆದರೆ ತಗಡಿನ ಡಬ್ಬಿಯ ಮೇಲೆ ಬಡಿದಂತಿದೆ. ಅಂಗಡಿಯವರು ಬೆಲೆಬಾಳುವ ತಂತ್ರಾಂಶ ಕೊಳ್ಳಬೇಕೆಂದು ಹೇಳುತ್ತಾರೆ. ಕೊಳ್ಳಲೇಬೇಕೆ?

ಉತ್ತರ: ಈಗಲೇ ಏನನ್ನೂ ಕೊಳ್ಳಬೇಡಿ. ತಗಡಿನ ಸದ್ದಿಗೆ ಕಾರಣಗಳು ಎರಡಿವೆ. ಒಂದು ಕಂಪ್ಯೂಟರಿನದು, ಇನ್ನೊಂದು, ತಾವು ಬೇಸರಿಸಿಕೊಳ್ಳುವುದಿಲ್ಲವೆಂಬ ನಂಬಿಕೆಯಿಂದ ಹೇಳುತ್ತೇನೆ, ತಮ್ಮ ಕೈಯದು. ಕೈಯ ವಿಷಯವನ್ನು ಯಾವ ಅಂಗಡಿಯವರೂ ಹೇಳುವುದಿಲ್ಲವಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಹಾರ್ಮೋನಿಯಂನಲ್ಲಿ ಒಂದು ಮನೆಯನ್ನು ಒತ್ತುವುದೆಂದರೆ ಗಾಳಿಗೆ ಬಾಗಿಲು ತೆರೆದುಕೊಡುವುದಷ್ಟೇ. ಬೆರಳು ಮೆಲ್ಲಗೆ ಇಳಿದರೂ ಒಮ್ಮೆಲೇ ಬಿದ್ದರೂ ಒಳಗಿನ ರೀಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸ್ವರದ ಏರಿಳಿತವೆಲ್ಲ ತಿದಿ ಒತ್ತುವ ಎಡಗೈಯಲ್ಲಿದೆ. ಪಿಯಾನೊದಲ್ಲಿ ತಿದಿಯಿಲ್ಲ. ಕೀ ಒತ್ತಿದಾಗ ಫೆಲ್ಟ್ ಹೊದಿಸಿದ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದಕ್ಕೆ ಬರುತ್ತದೆ, ಆ ಸುತ್ತಿಗೆ ಎಷ್ಟು ವೇಗದಲ್ಲಿ ಹೋಗಿ ಬಡಿಯಿತೆಂಬುದೊಂದೇ ನುಡಿಸುವವರ ಬೆರಳಿನ ಹತೋಟಿಯಲ್ಲಿರುತ್ತದೆ. ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಈ ವಾದ್ಯವನ್ನು ಕಟ್ಟಿದಾಗ ಬೆರಳಿನಿಂದಲೇ ಮೆಲ್ಲಗೂ ಜೋರಾಗಿಯೂ ನುಡಿಸಬಹುದೆಂಬುದೇ ಅದರ ವಿಶೇಷವಾಗಿತ್ತು. ಪಿಯಾನೊ ಎಂಬ ಇಟಾಲಿಯನ್ ಮಾತಿಗೆ ‘ಮೆಲ್ಲಗೆ’ ಎಂದೇ ಅರ್ಥ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸುತ್ತಿಗೆ ನಿಧಾನವಾಗಿ ತಾಗಿದರೆ ಫೆಲ್ಟ್ ಮೆತ್ತಗಿದ್ದು ದುಂಡನೆಯ ನಾದ ಹುಟ್ಟುತ್ತದೆ, ರಭಸದಿಂದ ಬಡಿದರೆ ಅದೇ ಫೆಲ್ಟ್ ಒತ್ತಿಹೋಗಿ ಗಟ್ಟಿಯಾದಂತಾಗಿ ಮೂಲ ಸ್ವರದ ಜೊತೆ ತಾವಾಗಿಯೇ ಹುಟ್ಟುವ ಮೇಲಿನ ಸ್ವಯಂಭೂ ಸ್ವರಗಳು ಹೇರಳವಾಗಿ ಎದ್ದು ನಾದ ಚೂಪಾಗುತ್ತದೆ. ಜೋರು ಸ್ವರವೆಂದರೆ ಮೆಲು ಸ್ವರವನ್ನು ದೊಡ್ಡದು ಮಾಡಿದ್ದಲ್ಲ, ಅದರ ಬಣ್ಣವೇ ಬೇರೆ.

ಈಗ ತಮ್ಮ ಕೀಬೋರ್ಡಿಗೆ ಬರೋಣ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಒಪ್ಪಂದದ ಪ್ರಕಾರ ಕೀಬೋರ್ಡು ಕಂಪ್ಯೂಟರಿಗೆ ಧ್ವನಿಯನ್ನು ಕಳಿಸುವುದಿಲ್ಲ. ಯಾವ ಕೀ, ಎಷ್ಟು ವೇಗದಲ್ಲಿ ಎಂಬ ಅಂಕಿಗಳನ್ನು ಮಾತ್ರ ಕಳಿಸುತ್ತದೆ. ಈ ವೇಗಕ್ಕೆ ವೆಲಾಸಿಟಿ ಎನ್ನುತ್ತಾರೆ, ಅದರ ಮೌಲ್ಯ 1ರಿಂದ 127ರವರೆಗೆ. ಅಗ್ಗದ ಕೀಬೋರ್ಡಿನ ಹಗುರವಾದ ಸ್ಪ್ರಿಂಗ್ ಕೀಗಳ ಮೇಲೆ ಹಾರ್ಮೋನಿಯಂಗೆ ಪಳಗಿದ ಬೆರಳು, ಮನೆ ಪೂರ್ತಿ ಕೆಳಗಿಳಿಯಲೇಬೇಕೆಂಬ ಅಭ್ಯಾಸದಿಂದ, ಪ್ರತಿ ಸಲವೂ ಒಂದೇ ರಭಸದಲ್ಲಿ ಬೀಳುತ್ತದೆ. ಆಗ 100ಕ್ಕೂ ಮೇಲಿನ ಅಂಕಿಗಳೇ ಒಂದರ ಹಿಂದೊಂದು ಹೋಗುತ್ತವೆ, ಕಂಪ್ಯೂಟರು ವಿಧೇಯವಾಗಿ ತನ್ನಲ್ಲಿರುವ ಅತಿ ಚೂಪಾದ ಸ್ವರವನ್ನೇ ನುಡಿಸುತ್ತದೆ. ನಾನೂ ಹಾರ್ಮೋನಿಯಂನಿಂದಲೇ ಬಂದವನು. ಸ್ಪೀಕರನ್ನು, ತಂತ್ರಾಂಶವನ್ನು, ಕೊನೆಗೆ ಕೇಬಲ್ಲನ್ನೂ ಬೈದು ಮುಗಿಸಿದ ಮೇಲೆ, ಒಂದು ದಿನ ಪರದೆಯ ಮೇಲೆ ಓಡುತ್ತಿದ್ದ ಅಂಕಿಗಳನ್ನು ನೋಡಿದಾಗ ಇದು ಹೊಳೆಯಿತು: 112, 115, 110, 114. ಹಾಡು ಲಾಲಿಯದಾಗಿತ್ತು.

ತಾವೂ ಇದನ್ನು ಪರೀಕ್ಷಿಸಿ. ಬರುವ ಮಿಡಿ ಅಂಕಿಗಳನ್ನು ತೋರಿಸುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ. ಅಂಥ ಒಂದನ್ನು ತೆರೆದಿಟ್ಟುಕೊಂಡು ಸರಳೆ ವರಸೆಯನ್ನು ಆರೋಹಣದಲ್ಲಿ 30ರಿಂದ 100ಕ್ಕೆ ಏರುವಂತೆ, ಅವರೋಹಣದಲ್ಲಿ ಮತ್ತೆ 30ಕ್ಕೆ ಇಳಿಯುವಂತೆ ನುಡಿಸಲು ಯತ್ನಿಸಿ. ಮೊದಲ ವಾರ ಸಿಟ್ಟು ಬರುತ್ತದೆ. ಇದರ ಜೊತೆಗೆ ಕೀಬೋರ್ಡಿನಲ್ಲೋ ತಂತ್ರಾಂಶದಲ್ಲೋ ವೆಲಾಸಿಟಿ ಕರ್ವ್ ಎಂಬ ಆಯ್ಕೆಯಿರುತ್ತದೆ. ಗಟ್ಟಿಯಾಗಿ ಹೊಡೆದಾಗ ಮಾತ್ರ ದೊಡ್ಡ ಅಂಕಿ ಹೋಗುವಂಥ ಕರ್ವನ್ನು ಆರಿಸಿಕೊಳ್ಳಿ. ಅದಕ್ಕೆ ಕೊಡುವ ಹೆಸರುಗಳು ಒಂದೊಂದು ತಯಾರಕರಲ್ಲಿ ಒಂದೊಂದು ಬಗೆಯಾದ್ದರಿಂದ ಹೆಸರನ್ನು ನಂಬದೆ ಅಂಕಿಗಳನ್ನೇ ನೋಡಿ ನಿರ್ಧರಿಸುವುದು ಒಳ್ಳೆಯದು.

ಇನ್ನು ಕಂಪ್ಯೂಟರಿನ ಪಾಲು. ವಿಂಡೋಸ್‌ನೊಂದಿಗೆ ಬರುವ ಸಿಂಥಸೈಜರಿನ ಸ್ವರ ಸಂಗ್ರಹ ಸುಮಾರು ಮೂರೂವರೆ ಎಂಬಿಯ ಒಂದು ಕಡತ. ಸಿಡಿ ಗುಣಮಟ್ಟದ ಸ್ಟೀರಿಯೊ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಕೇಳುತ್ತದೆಂಬ ಲೆಕ್ಕದಲ್ಲಿ ಆ ಕಡತದಲ್ಲಿ ಹಿಡಿಯುವುದು ಇಪ್ಪತ್ತು ಸೆಕೆಂಡಿನಷ್ಟು ಧ್ವನಿ. ದೊಡ್ಡ ಪಿಯಾನೊದ ಮಂದ್ರದ ತಂತಿಯೊಂದನ್ನು ನುಡಿಸಿ ಕೀಯನ್ನು ಹಿಡಿದುಕೊಂಡರೆ ಆ ಒಂದೇ ಸ್ವರ ಅಷ್ಟು ಹೊತ್ತು ಕೇಳಿಸುತ್ತದೆ. ಇಲ್ಲಿಯಾದರೋ ಅಷ್ಟರೊಳಗೇ ಕೊಳಲು, ಪಿಟೀಲು, ತುತ್ತೂರಿ, ಡ್ರಮ್ಮು ಸೇರಿ 128 ಬಗೆಯ ವಾದ್ಯಗಳನ್ನು ತುರುಕಬೇಕು. ಹೀಗಾಗಿ ಪಿಯಾನೊದ ಮೊದಲ ಬಡಿತವನ್ನಷ್ಟೇ ಮುದ್ರಿಸಿಟ್ಟುಕೊಂಡು, ಆಮೇಲಿನದಕ್ಕೆ ಒಂದು ಚಿಕ್ಕ ತುಣುಕನ್ನೇ ಗಾಣದ ಎತ್ತಿನಂತೆ ಸುತ್ತಿಸಿ ಸದ್ದನ್ನು ಇಳಿಸುತ್ತಾ ಹೋಗುತ್ತಾರೆ. ನಿಜವಾದ ಪಿಯಾನೊದಲ್ಲಿ ಮಧ್ಯ ಮತ್ತು ತಾರದ ಒಂದೊಂದು ಸ್ವರಕ್ಕೂ ಮೂರು ಮೂರು ತಂತಿಗಳಿವೆ, ಅವು ಕೂದಲೆಳೆಯಷ್ಟು ಬೇರೆ ಬೇರೆ ಶ್ರುತಿಯಲ್ಲಿರುವುದರಿಂದ ನಾದ ಮೊದಲು ಬೇಗ ಇಳಿದು ಆಮೇಲೆ ನಿಧಾನವಾಗಿ, ಒಳಗೊಳಗೇ ಅಲೆಯಾಡುತ್ತಾ ಕರಗುತ್ತದೆ. ಆ ಅಲೆಯಾಟ ಇಲ್ಲದಿದ್ದಾಗ ಕಿವಿಗೆ ಡಬ್ಬಿ ಎನಿಸುತ್ತದೆ.

ಇದಕ್ಕೆ ಪರಿಹಾರ ಹಣ ಕೊಡದೆಯೇ ಸಿಗುತ್ತದೆ. ಅಲೆಕ್ಸಾಂಡರ್ ಹೋಲ್ಮ್ ಎಂಬವರು ಯಮಾಹಾ ಸಿ5 ಗ್ರ್ಯಾಂಡ್ ಪಿಯಾನೊವನ್ನು ಮೂರು ಮೂರು ಸ್ವರಸ್ಥಾನಗಳ ಅಂತರದಲ್ಲಿ, ಪ್ರತಿಯೊಂದನ್ನೂ 16 ಬಗೆಯ ರಭಸದಲ್ಲಿ ನುಡಿಸಿ ಮುದ್ರಿಸಿ, ಸಾಲಮಾಂಡರ್ ಗ್ರ್ಯಾಂಡ್ ಪಿಯಾನೊ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಪೂರ್ಣ ರೂಪ ಒಂದು ಜಿಬಿಗೂ ಮೀರಿದ್ದು. ಹಳೆಯ ಲ್ಯಾಪ್‌ಟಾಪಿಗೆ ಅದು ಭಾರವಾದರೆ ಅದರಿಂದಲೇ ತಯಾರಿಸಿದ ಚಿಕ್ಕ ಸೌಂಡ್‌ಫಾಂಟ್‌ಗಳೂ, ಅಂದರೆ ಒಂದೇ ಕಡತದಲ್ಲಿ ಕಟ್ಟಿಟ್ಟ ಸ್ವರ ಸಂಗ್ರಹಗಳೂ, ಸಿಗುತ್ತವೆ. ಪೂರ್ಣ ಸಂಗ್ರಹದ ಎಸ್‌ಎಫ್‌ಜೆಡ್ ಎಂಬ ಕಡತ ರೂಪವನ್ನು ನುಡಿಸಲು ಸ್ಫೋರ್ಜಾಂಡೊ, ಸೌಂಡ್‌ಫಾಂಟ್ ನುಡಿಸಲು ಫ್ಲೂಯಿಡ್‌ಸಿಂತ್ ಎಂಬ ತಂತ್ರಾಂಶ ಸಾಕು, ಎರಡೂ ಉಚಿತ. ಆದರೆ ಕೈ ಪಳಗುವ ಮೊದಲೇ ಇದನ್ನು ಹಾಕಿಕೊಂಡರೆ 16 ಪದರಗಳಲ್ಲಿ ಮೇಲಿನ ಮೂರು ನಾಲ್ಕೇ ತಮಗೆ ಕೇಳಿಸುತ್ತವೆ, ಮಿಕ್ಕವು ಕಡತದಲ್ಲಿ ಸುಮ್ಮನೆ ಮಲಗಿರುತ್ತವೆ. ಅದಕ್ಕೇ ಕೈಯ ಮಾತನ್ನು ಮುಂದಿಟ್ಟದ್ದು.

ಲ್ಯಾಪ್‌ಟಾಪಿನ ಸ್ಪೀಕರಿನಿಂದ ಯಾವ ಪಿಯಾನೊವನ್ನೂ ಅಳೆಯಬೇಡಿ. 61 ಕೀಗಳ ಕೀಬೋರ್ಡಿನ ಎಡತುದಿಯ ಸ್ವರ ಸುಮಾರು 65 ಹರ್ಟ್ಸ್. ಆ ಪುಟ್ಟ ಸ್ಪೀಕರುಗಳು 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ನುಡಿಯಲಾರವು. ಎಡಗೈಯ ಸ್ವರ ಕೇಳಿಸುತ್ತಿಲ್ಲವೆಂದು ಇನ್ನಷ್ಟು ಬಲವಾಗಿ ಒತ್ತುತ್ತೇವೆ, ಚೂಪು ಇನ್ನಷ್ಟು ಹೆಚ್ಚುತ್ತದೆ. ತಂತಿಯಿರುವ ಸಾಧಾರಣ ಹೆಡ್‌ಫೋನೊಂದನ್ನು ಹಾಕಿಕೊಂಡು ಕೇಳಿ. ಪ್ರತಿಧ್ವನಿ ಬೆರೆಸುವ ರಿವರ್ಬ್ ಎಂಬ ಗುಂಡಿಯನ್ನು ಕೋಣೆಯೊಂದರಲ್ಲಿ ಕುಳಿತಂತೆ ಅನಿಸುವಷ್ಟು ಮಾತ್ರ ತಿರುಗಿಸಿ. ಖಾಲಿ ಕಲ್ಯಾಣ ಮಂಟಪದ ಹಾಗೆ ಮೊಳಗಿಸಿದರೆ ಹಾಡುವ ಮಕ್ಕಳ ಮಾತು ಮುಚ್ಚಿಹೋಗುತ್ತದೆ.

ತಂಬೂರಿಯ ಜೊತೆ ನುಡಿಸುವುದಾದರೆ ಒಂದು ಮಾತು. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿಯೇ ಮೂಡುವ ಅಂತರ ಗಾಂಧಾರಕ್ಕಿಂತ ಪಿಯಾನೊದ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ, ಅಂದರೆ ಒಂದು ಸ್ವರಸ್ಥಾನದ ಏಳನೇ ಒಂದು ಭಾಗದಷ್ಟು. ಅದು ವಾದ್ಯದ ತಪ್ಪೂ ಅಲ್ಲ, ತಮ್ಮದೂ ಅಲ್ಲ; ಹನ್ನೆರಡು ಸ್ಥಾನಗಳನ್ನು ಸಮವಾಗಿ ಹಂಚಿದ್ದರ ಫಲ. ಎಡಗೈಯಲ್ಲಿ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಹಿಡಿದರೆ ಆ ಕಚ್ಚಾಟ ಬಹುಪಾಲು ಮಾಯವಾಗುತ್ತದೆ.

ಪ್ರಶ್ನೆ: ಸಕಲೇಶಪುರದ ಬಳಿ ತೋಟದ ಮನೆಯಲ್ಲಿದ್ದೇನೆ. ಸ್ವರ ಚೆನ್ನಾಗಿದೆ, ಆದರೆ ಕೀ ಒತ್ತಿ ಒಂದು ಕ್ಷಣವಾದ ಮೇಲೆ ಕೇಳಿಸುತ್ತದೆ. ಚಾರ್ಜರ್ ಹಾಕಿದರೆ ಗುಂಯ್ ಎಂಬ ಶಬ್ದ, ತೆಗೆದರೆ ಪಟಪಟ ಒಡೆದ ಸದ್ದು. ಯಾವುದನ್ನು ಸಹಿಸಿಕೊಳ್ಳಲಿ?

ಉತ್ತರ: ಯಾವುದನ್ನೂ ಸಹಿಸಿಕೊಳ್ಳಬೇಕಿಲ್ಲ, ಮೂರೂ ಬೇರೆ ಬೇರೆ ತೊಂದರೆಗಳು.

ಕಂಪ್ಯೂಟರು ಧ್ವನಿಯನ್ನು ಹನಿ ಹನಿಯಾಗಿ ಸುರಿಯುವುದಿಲ್ಲ. ಬಫರ್ ಎಂಬ ಚೊಂಬನ್ನು ತುಂಬಿ ಒಮ್ಮೆಗೇ ಬಗ್ಗಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ, ಅಂದರೆ ಧ್ವನಿಯ ಅಳತೆಗಳ, ಲೆಕ್ಕದಲ್ಲಿ 1024ರ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡು, 256ಕ್ಕೆ 6ಕ್ಕಿಂತ ತುಸು ಕಡಿಮೆ, 128ಕ್ಕೆ 3. ಇದರ ಮೇಲೆ ಕೀಬೋರ್ಡಿನ ಪಾಲೂ, ಕಂಪ್ಯೂಟರನ್ನು ಧ್ವನಿ ಸಾಧನಕ್ಕೆ ಬೆಸೆಯುವ ಡ್ರೈವರ್ ಎಂಬ ತಂತ್ರಾಂಶದ ಪಾಲೂ ಸೇರುತ್ತದೆ. ಹತ್ತು ಮಿಲಿಸೆಕೆಂಡಿನ ತಡವೆಂದರೆ ಹತ್ತು ಹನ್ನೊಂದು ಅಡಿ ದೂರದ ವಾದ್ಯವನ್ನು ಕೇಳಿದಂತೆ, ಅದಕ್ಕೆ ಕೈ ಹೊಂದಿಕೊಳ್ಳುತ್ತದೆ. ವಿಂಡೋಸ್‌ನ ಸಾಮಾನ್ಯ ದಾರಿಯಲ್ಲಿ ತಡ ಇದಕ್ಕಿಂತ ಬಹಳ ಹೆಚ್ಚಾಗುವುದುಂಟು. ಏಸಿಯೊ ಎಂಬ ಡ್ರೈವರ್ ಬಳಸಿದರೆ ಇದು ಇಳಿಯುತ್ತದೆ. ಧ್ವನಿಗಾಗಿಯೇ ಹೊರಗಿನಿಂದ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಇಲ್ಲದವರಿಗೆ ಏಸಿಯೊ4ಆಲ್ ಎಂಬ ಉಚಿತ ಡ್ರೈವರ್ ಇದೆ. ಬಫರನ್ನು 256ಕ್ಕೆ ಇಟ್ಟು ಶುರುಮಾಡಿ. ಬ್ಲೂಟೂತ್ ಹೆಡ್‌ಫೋನ್ ಅಥವಾ ಸ್ಪೀಕರ್ ಬಳಸುತ್ತಿದ್ದರೆ ಮೇಲಿನದೆಲ್ಲ ವ್ಯರ್ಥ, ಅದೊಂದೇ ಸಾಮಾನ್ಯವಾಗಿ ನೂರು ಮಿಲಿಸೆಕೆಂಡನ್ನು ಮೀರಿಸುತ್ತದೆ.

ಪಟಪಟ ಸದ್ದು ಚೊಂಬು ತುಂಬುವ ಮೊದಲೇ ಬಗ್ಗಿಸುವ ಹೊತ್ತಾದದ್ದರ ಗುರುತು. ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ಪವರ್ ಆಯ್ಕೆಗಳಲ್ಲಿ ಪೂರ್ಣ ಸಾಮರ್ಥ್ಯವನ್ನು ಆರಿಸಿ, ನುಡಿಸುವಾಗ ವೈಫೈ ಬಂದ್ ಮಾಡಿಡಿ. ಗುಂಯ್ ಎನ್ನುವುದು ಮನೆಯ ವಿದ್ಯುತ್ತಿನ ಕಥೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ಒಂದೇ ಸಾಕೆಟ್ ಬೋರ್ಡಿನಿಂದ ಕರೆಂಟು ಕೊಟ್ಟು ನೋಡಿ, ಆಗಲೂ ನಿಲ್ಲದಿದ್ದರೆ ಎಲೆಕ್ಟ್ರೀಷಿಯನ್ನರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಶಬ್ದ ನಿಲ್ಲಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತು ಹಾಕುವವರನ್ನು ಕಂಡಿದ್ದೇನೆ. ಮಲೆನಾಡಿನ ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮಾಡುವ ಪ್ರಯೋಗ ಅದಲ್ಲ.

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಚರ್ಚಿನ ಗಾಯನ ತಂಡದ ಹಳೆಯ ಪಿಯಾನೊ ಮಳೆಗಾಲದಲ್ಲಿ ಕೀಗಳು ಅಂಟಿಕೊಂಡು ಬಳಕೆಗೆ ಬಾರದಂತಾಗುತ್ತದೆ. ಅದರ ಬದಲು ಕಂಪ್ಯೂಟರಿನಿಂದ ನುಡಿಸುತ್ತಿದ್ದೇವೆ. ಪೆಡಲ್ ಒತ್ತಿ ನಿಧಾನದ ಸ್ತುತಿಗೀತೆ ನುಡಿಸಿದರೆ ಮೊದಲು ಹಿಡಿದ ಸ್ವರಗಳು ನಡುವೆಯೇ ಕತ್ತರಿಸಿಹೋಗುತ್ತವೆ. ಒಮ್ಮೊಮ್ಮೆ ಪೆಡಲ್ ಬಿಟ್ಟಾಗ ಸ್ವರ ನಿಲ್ಲುತ್ತದೆ, ಒಮ್ಮೊಮ್ಮೆ ಒತ್ತಿದಾಗ ನಿಲ್ಲುತ್ತದೆ.

ಉತ್ತರ: ಎರಡನೆಯದು ಸುಲಭ. ಬಹುಪಾಲು ಕೀಬೋರ್ಡುಗಳು ಚಾಲೂ ಆಗುವ ಕ್ಷಣದಲ್ಲಿ ಪೆಡಲಿನ ಸ್ಥಿತಿಯನ್ನು ನೋಡಿ ಅದನ್ನೇ ‘ಬಿಟ್ಟಿರುವುದು’ ಎಂದು ತಿಳಿದುಕೊಳ್ಳುತ್ತವೆ. ಮೊದಲು ಪೆಡಲ್ ಜೋಡಿಸಿ, ಅದರ ಮೇಲೆ ಕಾಲಿಡದೆ ಸ್ವಿಚ್ ಹಾಕಿ.

ಸ್ವರ ಕತ್ತರಿಸುವುದು ಪಾಲಿಫೊನಿಯ, ಅಂದರೆ ತಂತ್ರಾಂಶ ಒಮ್ಮೆಗೇ ನುಡಿಸಬಲ್ಲ ಧ್ವನಿಗಳ ಸಂಖ್ಯೆಯ, ಮಿತಿಯಿಂದ. ಪೆಡಲ್ ಒತ್ತಿರುವಾಗ ಬೆರಳು ಎತ್ತಿದ ಸ್ವರಗಳೂ ಲೆಕ್ಕದಲ್ಲಿರುತ್ತವೆ, ಸ್ಟೀರಿಯೊ ಸಂಗ್ರಹಗಳಲ್ಲಿ ಒಂದು ಸ್ವರಕ್ಕೆ ಎರಡು ಧ್ವನಿಗಳು ಖರ್ಚಾಗುವುದೂ ಉಂಟು. ಮಿತಿ 32 ಅಥವಾ 64 ಎಂದಿದ್ದರೆ ನಾಲ್ಕು ಸಾಲು ಮುಗಿಯುವುದರೊಳಗೆ ಅದು ತುಂಬಿ ಹಳೆಯ ಸ್ವರಗಳು ಹೊರಬೀಳುತ್ತವೆ. 128ಕ್ಕೆ ಏರಿಸಿ, ಕಂಪ್ಯೂಟರು ತಾಳಿಕೊಂಡರೆ 256ಕ್ಕೆ.

ತಮ್ಮಂಥವರಿಗೆ ನಾನು ಹಣ ಕೊಟ್ಟು ಕೊಳ್ಳುವುದನ್ನೂ ಸೂಚಿಸುತ್ತೇನೆ, ಏಕೆಂದರೆ ನಿಧಾನದ ಸ್ತುತಿಗೀತೆಯಲ್ಲಿ ಪೆಡಲಿನ ನಾದವೇ ಮುಖ್ಯ. ಪಿಯಾನೊದಲ್ಲಿ ಪೆಡಲ್ ಒತ್ತಿದಾಗ ತಂತಿಗಳನ್ನೆಲ್ಲ ಮುಚ್ಚಿದ್ದ ಡ್ಯಾಂಪರುಗಳು ಒಟ್ಟಿಗೆ ಮೇಲೇಳುತ್ತವೆ, ನುಡಿಸದ ತಂತಿಗಳೂ ನುಡಿಸಿದವಕ್ಕೆ ದನಿಗೂಡಿಸುತ್ತವೆ. ಒಂದೊಂದೇ ಸ್ವರವನ್ನು ಮುದ್ರಿಸಿದ ಸಂಗ್ರಹಗಳಲ್ಲಿ ಈ ದನಿಗೂಡಿಕೆ ಇರುವುದಿಲ್ಲ, ಇದ್ದರೂ ಅರೆಬರೆ. ಫ್ರಾನ್ಸಿನ ತುಲೂಸ್ ನಗರದ ಮೊಡಾರ್ಟ್ ಸಂಸ್ಥೆ 2006ರಲ್ಲಿ ಹೊರತಂದ ಪಿಯಾನೊಟೆಕ್ ಮುದ್ರಿತ ಸ್ವರಗಳನ್ನೇ ಬಳಸದೆ, ಸುತ್ತಿಗೆ, ತಂತಿ, ಹಲಗೆಗಳ ನಡವಳಿಕೆಯನ್ನು ಆ ಕ್ಷಣದಲ್ಲೇ ಗಣಿತದಿಂದ ಲೆಕ್ಕಹಾಕಿ ನಾದ ಹುಟ್ಟಿಸುತ್ತದೆ. ಹೀಗಾಗಿ ದನಿಗೂಡಿಕೆ ಅದರಲ್ಲಿ ಸಹಜವಾಗಿ ಬರುತ್ತದೆ, ಅರ್ಧ ಒತ್ತಿದ ಪೆಡಲೂ ಅದಕ್ಕೆ ತಿಳಿಯುತ್ತದೆ, ಡಿಸ್ಕಿನಲ್ಲಿ ಹಿಡಿಯುವ ಜಾಗವೂ ಅಲ್ಪ. ಒಂಟಿ ಸ್ವರವನ್ನು ಹಿಡಿದು ಕೇಳಿದರೆ ಒಳ್ಳೆಯ ಮುದ್ರಿತ ಸಂಗ್ರಹವೇ ನನಗೆ ಹೆಚ್ಚು ಹಿತ, ಪೆಡಲ್ ಹಿಡಿದು ನಾಲ್ಕು ಸಾಲು ನುಡಿಸಿದ ಮೇಲೆ ಇದು. ಕೆಲವು ಕೀಗಳು ಮೂಕವಾಗಿರುವ ಪರೀಕ್ಷಾ ರೂಪ ಉಚಿತವಾಗಿ ಸಿಗುತ್ತದೆ. ತಂಡದವರೆಲ್ಲ ಕೂತು ಕೇಳಿ ಆಮೇಲೆ ನಿರ್ಧರಿಸಿ.

ಹಳೆಯ ಪಿಯಾನೊವನ್ನು ಮಾತ್ರ ಮಾರಬೇಡಿ. ತೇವಕ್ಕೆ ಮರವೂ ಫೆಲ್ಟೂ ಉಬ್ಬಿ ಕೀ ಅಂಟುತ್ತದೆ, ನಾದದ ಹಲಗೆ ಉಬ್ಬಿ ಶ್ರುತಿ ಏರುತ್ತದೆ. ಬೇಸಗೆಗೆ ಎರಡೂ ಬಹುಮಟ್ಟಿಗೆ ಹಿಂದಿರುಗುತ್ತವೆ. ಬೇಸಗೆಯಲ್ಲಿ ಅದರ ಪಕ್ಕದಲ್ಲೇ ಕಂಪ್ಯೂಟರನ್ನಿಟ್ಟು ಹೋಲಿಸಿ ಹೊಂದಿಸುವ ಅವಕಾಶ ನಮ್ಮ ಕಡೆ ಎಷ್ಟು ಜನರಿಗಿದೆ?

ಪ್ರಶ್ನೆ: ನನಗೆ ನಿಜವಾದ ಪಿಯಾನೊ ಬೇಡ. ಎಂಬತ್ತರ ದಶಕದ ಹಾಡುಗಳಲ್ಲಿ ಗಾಜಿನ ಬಳೆ ತಾಗಿದಂತೆ ಕೇಳುವ ಕೀಬೋರ್ಡಿನ ನಾದ ಬೇಕು. ಮೂಡಿಗೆರೆಯ ನಮ್ಮ ಆರ್ಕೆಸ್ಟ್ರಾದಲ್ಲಿ ‘ಎಲೆಕ್ಟ್ರಿಕ್ ಪಿಯಾನೊ’ ಎಂದು ಹಾಕಿದರೆ ಅದು ಬರುವುದಿಲ್ಲ.

ಉತ್ತರ: ಎಲೆಕ್ಟ್ರಿಕ್ ಪಿಯಾನೊ ಎಂಬ ಹೆಸರಿನಡಿ ಎರಡು ಬೇರೆ ಬೇರೆ ನಾದಗಳಿವೆ. ಹೆರಾಲ್ಡ್ ರೋಡ್ಸ್ ರೂಪಿಸಿದ ವಾದ್ಯದಲ್ಲಿ ಸುತ್ತಿಗೆ ಲೋಹದ ಕಡ್ಡಿಗೆ ಬಡಿಯುತ್ತದೆ, ಎಲೆಕ್ಟ್ರಿಕ್ ಗಿಟಾರಿನಲ್ಲಿರುವಂಥ, ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್ ಅದನ್ನು ಎತ್ತಿಕೊಳ್ಳುತ್ತದೆ. ಅದು ಗಂಟೆಯಂತೆ ಮೆತ್ತಗೆ. ತಾವು ಹೇಳುವ ಬಳೆಯ ನಾದ 1983ರ ಯಮಾಹಾ ಡಿಎಕ್ಸ್7 ಸಿಂಥಸೈಜರಿನ ಬಗೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ವಿಧಾನ ಅದರ ಬುನಾದಿ: ಒಂದು ಅಲೆಯ ಕಂಪನವನ್ನು ಇನ್ನೊಂದು ಅಲೆ ಅತಿ ವೇಗವಾಗಿ ಅಲುಗಿಸಿದಾಗ ಎರಡರಲ್ಲೂ ಇಲ್ಲದ ಹೊಸ ಸ್ವಯಂಭೂ ಸ್ವರಗಳು ಹುಟ್ಟುತ್ತವೆ. ಡಿಎಕ್ಸ್7ರಲ್ಲಿ ಒಂದು ಸ್ವರಕ್ಕೆ ಇಂಥ ಆರು ಅಲೆಗಳು, ಅವನ್ನು ಜೋಡಿಸಲು 32 ವಿನ್ಯಾಸಗಳು.

ಡೆಕ್ಸೆಡ್ ಎಂಬ ಉಚಿತ ತಂತ್ರಾಂಶ ಇದನ್ನೇ ಕಂಪ್ಯೂಟರಿನಲ್ಲಿ ನಡೆಸುತ್ತದೆ, ಹಳೆಯ ಯಂತ್ರಕ್ಕೂ ಭಾರವಾಗುವುದಿಲ್ಲ. ಅದರಲ್ಲಿ ಇ ಪಿಯಾನೊ ಎಂಬ ಸ್ವರವನ್ನು ಆರಿಸಿ, ಒಂದು ದನಿಯನ್ನು ಹಲವು ದನಿಗಳಂತೆ ಕೇಳಿಸುವ ಕೋರಸ್ ಎಫೆಕ್ಟನ್ನು ಹಿತವಾಗಿ ಬೆರೆಸಿ. ಬಳೆಯ ಸದ್ದು ಕೊಡುವ ಅಲೆಯ ಮಟ್ಟ ವೆಲಾಸಿಟಿಗೆ ಕಟ್ಟುಬಿದ್ದಿರುತ್ತದೆ: ಮೆಲ್ಲಗೆ ನುಡಿಸಿದರೆ ಬಳೆ ಮರೆಯಾಗಿ ಕೆಳಗಿನ ದುಂಡು ನಾದವಷ್ಟೇ ಉಳಿಯುತ್ತದೆ, ಬಲವಾಗಿ ಒತ್ತಿದರೆ ಝಲ್ಲೆನ್ನುತ್ತದೆ. ಹಾಸನದ ಮೇಷ್ಟ್ರಿಗೆ ಹೇಳಿದ ಅಂಕಿಗಳ ಅಭ್ಯಾಸ ತಮಗೂ ಬೇಕು, ತಮಗೆ ಬಳೆ ಬೇಕಾದ ಕಡೆ ಮಾತ್ರ 90ನ್ನು ದಾಟಿ.